ಕೋಡಿ ಬಿದ್ದಾಗ ಮಾತ್ರ ಬೆಳಕು

ಹಾಡಿನ ತಾಳಕ್ಕೆ ಮಿನುಗುವ ಎಲ್‌ಇಡಿ ದೀಪಗಳನ್ನು ನೀವು ಕಾರಿನ ಡ್ಯಾಶ್‌ಬೋರ್ಡಿನ ಕೆಳಗೋ, ಆಟೋದ ಹಿಂದಿನ ಸೀಟಿನ ಮೇಲೋ, ಪ್ರವಾಸದ ಬಸ್ಸಿನ ಚಾವಣಿಯಲ್ಲೋ ನೋಡಿಯೇ ಇರುತ್ತೀರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಅಲಂಕಾರದ ಅಂಗಡಿಗಳಲ್ಲಿ ಇವು ಸಿದ್ಧವಾಗಿಯೇ ಸಿಗುತ್ತವೆ. ಆದರೆ ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದ ಹುಡುಗರಿಗೆ ಅಷ್ಟಕ್ಕೆ ತೃಪ್ತಿಯಿಲ್ಲ. ಎಸ್.ಪಿ. ರಸ್ತೆಯಲ್ಲಿ ಒಂದು ಹಿಡಿ ಎಲ್‌ಇಡಿ ಕೊಂಡು ತಂದು, ಸ್ಪೀಕರಿಗೆ ಹೋಗುವ ಎರಡು ತಂತಿಗಳಿಗೇ ನೇರವಾಗಿ ಜೋಡಿಸಿ ನೋಡುತ್ತಾರೆ. ಸ್ಪೀಕರಿನಲ್ಲಿ ಹಾಡು ಇದ್ದಮೇಲೆ ಆ ತಂತಿಯಲ್ಲಿ ವಿದ್ಯುತ್ ಇರಲೇಬೇಕು, ವಿದ್ಯುತ್ ಇದ್ದಮೇಲೆ ದೀಪ ಹೊತ್ತಲೇಬೇಕು. ಈ ತರ್ಕದಲ್ಲಿ ತಪ್ಪೇನೂ ಕಾಣುವುದಿಲ್ಲ.

ಆದರೆ ಆಗುವುದೇ ಬೇರೆ. ಸಣ್ಣ ದನಿಯಲ್ಲಿ ಹಾಡು ಹಾಕಿದರೆ ಎಲ್ಲವೂ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ, ದೀಪ ಮಾತ್ರ ಸತ್ತಂತೆ ಬಿದ್ದಿರುತ್ತದೆ. ದನಿ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಮಿನುಗು ಶುರುವಾಗುತ್ತದೆ. ಆಗಲೂ ಡ್ರಮ್ಮಿನ ಪೆಟ್ಟು ಮಾತ್ರ ಕಾಣುತ್ತದೆ, ಗಾಯಕಿಯ ದನಿ ಕಾಣುವುದಿಲ್ಲ. ಕೆಂಪು ದೀಪ ಮೊದಲು ಏಳುತ್ತದೆ, ನೀಲಿ ತಡವಾಗಿ. 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಅದೇ ತಂತಿಗೆ ಹಚ್ಚಿದರೆ ಕಿವಿ ಒಡೆಯುವ ದನಿಯಲ್ಲೂ ಅದು ಅರೆಮನಸ್ಸಿನಿಂದ ಮಿಣುಕುತ್ತದೆ. ಕೆಲವು ದಿನಗಳಲ್ಲಿ ಒಂದೆರಡು ದೀಪ ಸುಟ್ಟೂ ಹೋಗಿರುತ್ತವೆ.

ಬೇರೆ ಬೇರೆಯಾಗಿ ಕಾಣುವ ಈ ತೊಡಕುಗಳೆಲ್ಲ ಬಹುಪಾಲು ಎಲ್‌ಇಡಿಯ ಒಂದೇ ಗುಣದಿಂದ ಹುಟ್ಟುತ್ತವೆ.

ತಂತಿಯೊಳಗಿನ ಹಾಡು

ಮೊದಲು ಸ್ಪೀಕರ್ ತಂತಿಯಲ್ಲಿ ಏನಿದೆ ಎಂದು ನೋಡೋಣ. ಬ್ಯಾಟರಿಯ ತಂತಿಯಲ್ಲಿ ವಿದ್ಯುತ್ ಒಂದೇ ದಿಕ್ಕಿಗೆ ಹರಿಯುತ್ತದೆ. ಸ್ಪೀಕರ್ ತಂತಿಯಲ್ಲಿ ಹಾಗಲ್ಲ. ಸ್ಪೀಕರಿನ ಶಂಕು ಮುಂದಕ್ಕೆ ಬರಬೇಕಾದಾಗ ಕರೆಂಟು ಒಂದು ದಿಕ್ಕಿಗೆ, ಹಿಂದಕ್ಕೆ ಹೋಗಬೇಕಾದಾಗ ಇನ್ನೊಂದು ದಿಕ್ಕಿಗೆ ಹರಿಯುತ್ತದೆ. ದಪ್ಪ ಡ್ರಮ್ಮಿನ ಸದ್ದಿಗೆ ಈ ಹಿಂದುಮುಂದು ಸೆಕೆಂಡಿಗೆ 60 ಸಲದ ಆಸುಪಾಸು, ಗಾಯಕಿಯ ದನಿಗೆ ನೂರಾರು ಸಲ, ತಾಳದ ಕಿಣಿಕಿಣಿಗೆ ಸಾವಿರಾರು ಸಲ. ಇವೆಲ್ಲ ಒಂದರ ಮೇಲೊಂದು ಕೂಡಿಕೊಂಡು ತಂತಿಯಲ್ಲಿ ಒಂದೇ ಏರಿಳಿತವಾಗಿ ಸಾಗುತ್ತವೆ.

ಆ ಏರಿಳಿತದ ಎತ್ತರ ಎಷ್ಟು? ಕಾರಿನ ಸಾಮಾನ್ಯ ಸ್ಪೀಕರಿನ ರೋಧ 4 ಓಮ್. ಅದಕ್ಕೆ 1 ವ್ಯಾಟ್ ಕೊಡಲು ಸರಾಸರಿ ಲೆಕ್ಕದಲ್ಲಿ 2 ವೋಲ್ಟ್ ಸಾಕು, ಅಲೆಯ ತುದಿ 2.8 ವೋಲ್ಟ್ ಮುಟ್ಟುತ್ತದೆ. 1 ವ್ಯಾಟ್ ಎಂದರೆ ಕಡಿಮೆಯೇನಲ್ಲ. ಇಂಥ ಸ್ಪೀಕರ್ 1 ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ಆಸುಪಾಸಿನ ಸದ್ದು ಮಾಡುತ್ತದೆ. ಮುಚ್ಚಿದ ಕಾರಿನೊಳಗೆ ಅಷ್ಟು ಸದ್ದಿದ್ದರೆ ಪಕ್ಕದಲ್ಲಿ ಕೂತವರ ಜೊತೆ ಕೂಗಿಯೇ ಮಾತಾಡಬೇಕು. ಮಾತಾಡುತ್ತ ಹಾಡು ಕೇಳುವ ಹಿತವಾದ ದನಿಗೆ ಅದರ ನೂರನೇ ಒಂದು ಪಾಲು ಸಾಕಾಗುತ್ತದೆ. ಆಗ ಅಲೆಯ ತುದಿ 0.3 ವೋಲ್ಟನ್ನೂ ಮುಟ್ಟುವುದಿಲ್ಲ. ಇನ್ನೊಂದು ಕಡೆ 16 ವ್ಯಾಟ್ ತನಕ ಏರಿಸಿದರೆ ತುದಿ 11 ವೋಲ್ಟ್ ದಾಟುತ್ತದೆ.

ಹೀಗೆ ಹಿತವಾದ ದನಿಗೂ ಅಬ್ಬರಕ್ಕೂ ನಡುವೆ ತಂತಿಯ ವೋಲ್ಟೇಜ್ ಸುಮಾರು 40 ಪಟ್ಟು ಬದಲಾಗುತ್ತದೆ. ಎಲ್‌ಇಡಿಗೆ ತೊಂದರೆಯಾಗುವುದು ಇಲ್ಲಿಯೇ.

ಕೆರೆಯ ಕೋಡಿ

ನಮ್ಮ ಊರಿನ ಕೆರೆಯನ್ನು ನೆನೆಯಿರಿ. ಮಳೆಗಾಲದಲ್ಲಿ ನೀರು ದಿನದಿಂದ ದಿನಕ್ಕೆ ಏರುತ್ತದೆ. ಕಾಲು ಭಾಗ, ಅರ್ಧ, ಮುಕ್ಕಾಲು ತುಂಬಿದರೂ ಕೋಡಿಯ ಆಚೆ ಒಂದು ಹನಿಯೂ ಬೀಳುವುದಿಲ್ಲ. ನೀರಿನ ಮಟ್ಟ ಕೋಡಿಯ ಎತ್ತರ ಮುಟ್ಟಿದ ದಿನ ತೆಳ್ಳಗೆ ಜಿನುಗುತ್ತದೆ. ಅಲ್ಲಿಂದ ಮೇಲೆ ಗೇಣುದ್ದ ಏರಿದರೆ ಸಾಕು, ಭೋರ್ಗರೆಯುತ್ತದೆ.

ಎಲ್‌ಇಡಿಯೂ ಹೀಗೆಯೇ. ಅದಕ್ಕೊಂದು ಎತ್ತರವಿದೆ, ಅದನ್ನು ಕೋಡಿ ವೋಲ್ಟೇಜ್ ಎಂದು ಕರೆಯೋಣ. ತಯಾರಕರ ಕಾಗದದಲ್ಲಿ ಇದಕ್ಕೆ ಫಾರ್ವರ್ಡ್ ವೋಲ್ಟೇಜ್ ಎಂದು ಹೆಸರು. ಕೆಂಪು ದೀಪಕ್ಕೆ ಇದು 1.8ರಿಂದ 2 ವೋಲ್ಟ್, ನೀಲಿ ಮತ್ತು ಬಿಳಿ ದೀಪಕ್ಕೆ ಸುಮಾರು 3 ವೋಲ್ಟ್. ಅದಕ್ಕಿಂತ ಸಾಕಷ್ಟು ಕೆಳಗಿದ್ದರೆ ಕಣ್ಣಿಗೆ ಕಾಣುವಷ್ಟು ಬೆಳಕು ಬರುವುದಿಲ್ಲ. ಹಳೆಯ ಬುರುಡೆ ದೀಪ ಹೀಗಲ್ಲ. 12 ವೋಲ್ಟಿನ ಬಲ್ಬಿಗೆ 6 ವೋಲ್ಟ್ ಕೊಟ್ಟರೂ ಅದು ಮಂಕಾಗಿ ಕೆಂಪಗೆ ಕಾಯುತ್ತದೆ.

ಇದನ್ನು ಕಣ್ಣಾರೆ ನೋಡುವುದು ಸುಲಭ. ವೋಲ್ಟೇಜನ್ನು ಮೆಲ್ಲಗೆ ಏರಿಸಬಲ್ಲ ವಿದ್ಯುತ್ ಪೆಟ್ಟಿಗೆಗೆ ಒಂದು ಕೆಂಪು ಎಲ್‌ಇಡಿಯನ್ನು 470 ಓಮಿನ ರೆಸಿಸ್ಟರ್ ಮೂಲಕ ಜೋಡಿಸಿ, ಎಲ್‌ಇಡಿಯ ಎರಡು ಕಾಲುಗಳಿಗೆ ಮೀಟರ್ ಹಿಡಿದು, ಕೋಣೆ ಕತ್ತಲೆ ಮಾಡಿ ಕೂರಬೇಕು. ಮೀಟರ್ 1 ವೋಲ್ಟ್ ತೋರಿಸುತ್ತದೆ, ಕತ್ತಲೆ. 1.4, ಕತ್ತಲೆಯೇ. 1.6ರ ಸುಮಾರಿಗೆ ದೀಪದೊಳಗೆ ಸಾಸಿವೆಗಿಂತ ಚಿಕ್ಕದೊಂದು ಕೆಂಪು ಚುಕ್ಕಿ ಮೂಡುತ್ತದೆ, ಕಣ್ಣು ಹತ್ತಿರ ಒಯ್ದರೆ ಹರಳಿನ ಚೌಕಾಕಾರವೇ ಕಾಣುತ್ತದೆ. 1.8ಕ್ಕೆ ಅಂಗೈ ಕೆಂಪಾಗುತ್ತದೆ. ಅಲ್ಲಿಂದ ಮೇಲೆ ಪೆಟ್ಟಿಗೆಯ ಗುಂಡಿಯನ್ನು ಎಷ್ಟು ತಿರುಗಿಸಿದರೂ ದೀಪದ ಮೇಲಿನ ವೋಲ್ಟೇಜ್ ಏರಲು ಒಪ್ಪುವುದಿಲ್ಲ, ಬೆಳಕು ಮಾತ್ರ ಜೋರಾಗುತ್ತ ಹೋಗುತ್ತದೆ. ಹೆಚ್ಚುವರಿ ವೋಲ್ಟೇಜನ್ನೆಲ್ಲ ರೆಸಿಸ್ಟರ್ ಹೊತ್ತುಕೊಳ್ಳುತ್ತಿರುತ್ತದೆ.

ಈಗ ಮೊದಲ ಒಗಟು ಬಿಚ್ಚಿಕೊಳ್ಳುತ್ತದೆ. ನಮ್ಮ ಕಿವಿಗೆ ಇಂಥ ಕೋಡಿಯಿಲ್ಲ. ಸದ್ದಿನ ಶಕ್ತಿ ಹತ್ತು ಪಟ್ಟು ಕಡಿಮೆಯಾದರೂ ಕಿವಿಗೆ ಅದು ಸುಮಾರು ಅರ್ಧವಾದಂತೆ ಕೇಳುತ್ತದೆ ಅಷ್ಟೆ. ಶಕ್ತಿ ಹತ್ತು ಪಟ್ಟು ಇಳಿದಾಗ ತಂತಿಯ ವೋಲ್ಟೇಜ್ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತುದಿಯಲ್ಲಿ 6 ವೋಲ್ಟ್ ಇದ್ದ ಅಲೆ 2ರ ಒಳಗೆ ಬಂತು ಎನ್ನಿ. ಕೇಳುವವನಿಗೆ ಹಾಡು ಅರ್ಧ ತಗ್ಗಿತು, ನೀಲಿ ದೀಪಕ್ಕೆ ಹಾಡೇ ನಿಂತುಹೋಯಿತು.

ಬಣ್ಣಕ್ಕೊಂದು ಕೋಡಿ

ಕೋಡಿಯ ಎತ್ತರ ಬಣ್ಣದಿಂದ ಬಣ್ಣಕ್ಕೆ ಬದಲಾಗುವುದು ತಯಾರಕರ ಇಷ್ಟದಿಂದಲ್ಲ. ಎಲ್‌ಇಡಿಯ ಹರಳಿನೊಳಗೆ ಎಲೆಕ್ಟ್ರಾನುಗಳು ಇರಬಲ್ಲ ಎರಡು ಶಕ್ತಿಮಟ್ಟಗಳಿವೆ, ನಡುವೆ ಖಾಲಿ ಅಂತರ. ಮೇಲಿನ ಮಟ್ಟದ ಎಲೆಕ್ಟ್ರಾನು ಕೆಳಗಿನದಕ್ಕೆ ಇಳಿದಾಗ ಅಂತರದಷ್ಟು ಶಕ್ತಿ ಒಂದು ಬೆಳಕಿನ ಕಣವಾಗಿ ಹೊರಬೀಳುತ್ತದೆ. ಅಂತರ ಕಡಿಮೆಯಿದ್ದರೆ ಕೆಂಪು, ಹೆಚ್ಚಿದ್ದರೆ ನೀಲಿ. ಎಷ್ಟು ಶಕ್ತಿಯ ಬೆಳಕು ಹೊರಬರಬೇಕೋ ಸರಿಸುಮಾರು ಅಷ್ಟನ್ನು ಹೊರಗಿನ ವೋಲ್ಟೇಜ್ ಮೊದಲೇ ಒದಗಿಸಬೇಕು. ನೀಲಿಗೆ ಹೆಚ್ಚು ವೋಲ್ಟ್ ಬೇಕಾಗುವುದು ಇದರಿಂದಲೇ. ಬಿಳಿ ಎಲ್‌ಇಡಿ ಕೂಡ ಒಳಗಿನಿಂದ ನೀಲಿಯೇ, ಮೇಲೆ ಬಳಿದ ಹಳದಿ ರಾಸಾಯನಿಕ ಅದನ್ನು ಬಿಳಿಯಾಗಿ ತೋರಿಸುತ್ತದೆ. ಹಾಗಾಗಿ ಎರಡರ ಕೋಡಿಯೂ ಒಂದೇ.

ಈ ಬೆಳಕಿನ ಕಥೆ ಹಳೆಯದು. ಮಾರ್ಕೋನಿ ಕಂಪನಿಯಲ್ಲಿದ್ದ ಹೆನ್ರಿ ರೌಂಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1907ರಲ್ಲಿ ಕಾರ್ಬೊರಂಡಮ್ ಹರಳಿಗೆ 10 ವೋಲ್ಟ್ ಕೊಟ್ಟಾಗ ಹಳದಿ ಬೆಳಕು ಬಂದದ್ದನ್ನು ಪುಟ್ಟ ಟಿಪ್ಪಣಿಯಾಗಿ ಪ್ರಕಟಿಸಿದ. 1920ರ ದಶಕದಲ್ಲಿ ರಷ್ಯಾದ ಒಲೆಗ್ ಲೋಸೆವ್ ಇದನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದ. 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿ ತೋರಿಸಿದರು. ಪ್ರಖರವಾದ ನೀಲಿ ಮಾತ್ರ ಇನ್ನೂ ಮೂರು ದಶಕ ಕೈಗೆ ಸಿಗಲಿಲ್ಲ. ಅಷ್ಟು ದೊಡ್ಡ ಅಂತರವಿರುವ ಗ್ಯಾಲಿಯಂ ನೈಟ್ರೈಡ್ ಹರಳನ್ನು ದೋಷವಿಲ್ಲದೆ ಬೆಳೆಸುವುದು ಅಷ್ಟು ಕಷ್ಟವಾಗಿತ್ತು. ಜಪಾನಿನ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಕಾಮುರ ಅದನ್ನು ಸಾಧಿಸಿ 2014ರ ಭೌತವಿಜ್ಞಾನ ನೊಬೆಲ್ ಪಡೆದರು. ಕಾರಿನ ಬಾಗಿಲ ಬಳಿ ಮಿನುಗುವ ನೀಲಿ ದೀಪದ ಹಿಂದೆ ಇಷ್ಟು ವರ್ಷಗಳ ತಪಸ್ಸಿದೆ.

ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಬೇರೆ ಬೇರೆ ಬಣ್ಣದ ಎಲ್‌ಇಡಿಗಳ ಕೋಡಿ ವೋಲ್ಟೇಜ್ ಅಳೆದು ಅದರಿಂದ ಪ್ಲಾಂಕ್ ಸ್ಥಿರಾಂಕವನ್ನು ಲೆಕ್ಕ ಹಾಕುವುದುಂಟು. ಸ್ಪೀಕರಿಗೆ ಜೋಡಿಸಿದ ಕೆಂಪು ಮತ್ತು ನೀಲಿ ದೀಪಗಳು ದನಿ ಏರಿದಂತೆ ಒಂದರ ಹಿಂದೊಂದು ಏಳುವಾಗ ನೀವು ನೋಡುತ್ತಿರುವುದೂ ಅದೇ ಪ್ರಯೋಗವನ್ನು.

ಡ್ರಮ್ ಕಾಣುತ್ತದೆ, ದನಿ ಕಾಣುವುದಿಲ್ಲ

ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಸಮನಾಗಿ ಕೇಳುವುದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸೆಕೆಂಡಿಗೆ ಮೂರು-ನಾಲ್ಕು ಸಾವಿರ ಕಂಪನಗಳ ಸದ್ದಿಗೆ ಕಿವಿ ಬಹಳ ಚುರುಕು, ಐವತ್ತು-ಅರವತ್ತರ ತಗ್ಗು ಸದ್ದಿಗೆ ಬಹಳ ಮಂದ. ಎರಡೂ ಒಂದೇ ಜೋರಿನಲ್ಲಿ ಕೇಳಬೇಕಾದರೆ ತಗ್ಗು ಸದ್ದಿಗೆ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಸುರಿಯಬೇಕು. ಕುಣಿಸುವ ಹಾಡುಗಳನ್ನು ಧ್ವನಿಮುದ್ರಿಸುವವರು ಮಾಡುವುದು ಅದನ್ನೇ. ಕಾರಿನಲ್ಲಿ ಬಾಸ್ ಏರಿಸಿದವರು ಅದಕ್ಕೆ ಇನ್ನಷ್ಟು ಸೇರಿಸುತ್ತಾರೆ.

ಆದ್ದರಿಂದ ತಂತಿಯ ಅಲೆಯಲ್ಲಿ ಎತ್ತರದ ತುದಿಗಳೆಲ್ಲ ಡ್ರಮ್ಮಿನವು. ಗಾಯಕಿಯ ದನಿ ಕಿವಿಗೆ ಎಷ್ಟೇ ಮುಂದೆ ಕೇಳಿದರೂ ವೋಲ್ಟಿನ ಲೆಕ್ಕದಲ್ಲಿ ಆ ತುದಿಗಳ ಮೇಲಿನ ಸಣ್ಣ ತೆರೆ. ಕೋಡಿ ದಾಟುವುದು ಡ್ರಮ್ಮೇ. ಎಲ್‌ಇಡಿಗೆ ತಾಳಜ್ಞಾನವೇನೂ ಇಲ್ಲ. ತಗ್ಗು ಸದ್ದನ್ನು ಬೇರ್ಪಡಿಸುವ ಯಾವ ಜಾಣತನವೂ ಇಲ್ಲದೆ, ಕೇವಲ ಎತ್ತರದ ಕಾರಣಕ್ಕೆ ಅದು ತಾಳವನ್ನು ಹೆಕ್ಕಿ ತೋರಿಸುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಚೆಂದ ಕಾಣುವುದು ಈ ಸಂಗತಿ.

ಸುಡುವುದು ಏಕೆ

ಎಲ್‌ಇಡಿ ಒಂದೇ ದಿಕ್ಕಿನ ಕರೆಂಟಿಗೆ ದಾರಿ ಬಿಡುತ್ತದೆ. ಅಲೆ ತಿರುಗಿದಾಗ ತಡೆದು ನಿಲ್ಲುತ್ತದೆ. ಆದರೆ ಆ ತಡೆಗೂ ಮಿತಿಯಿದೆ. ಸಾಮಾನ್ಯ ಎಲ್‌ಇಡಿಗೆ ಹಿಮ್ಮುಖವಾಗಿ 5 ವೋಲ್ಟಿಗಿಂತ ಹೆಚ್ಚು ಕೊಡಬಾರದೆಂದು ತಯಾರಕರು ಬರೆದಿರುತ್ತಾರೆ. ಸ್ಪೀಕರಿನಲ್ಲಿ 4 ವ್ಯಾಟ್ ಹರಿದರೆ ಸಾಕು, ಅಲೆಯ ತುದಿ 5.6 ವೋಲ್ಟ್ ಮುಟ್ಟುತ್ತದೆ. ಸರಿ ದಿಕ್ಕಿನಲ್ಲೂ ಅಪಾಯವಿದೆ. ಕೋಡಿ ದಾಟಿದ ಮೇಲೆ ಕರೆಂಟನ್ನು ತಡೆಯುವವರಿಲ್ಲದಿದ್ದರೆ ಅದು 20 ಮಿಲಿ ಆಂಪಿಯರ್ ಮಿತಿಯನ್ನು ಕ್ಷಣದಲ್ಲಿ ಮೀರುತ್ತದೆ.

ಪರಿಹಾರ ಅಗ್ಗವಾದದ್ದು. ಎರಡು ಎಲ್‌ಇಡಿಗಳನ್ನು ತಲೆಕೆಳಗಾಗಿ ಜೋಡಿ ಮಾಡಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೂ ಮೈನಸ್ ಇನ್ನೊಂದರ ಪ್ಲಸ್ಸಿಗೂ ಸೇರುವಂತೆ, ಆ ಜೋಡಿಗೆ 470 ಓಮಿನ ಒಂದು ರೆಸಿಸ್ಟರನ್ನು ಸರಣಿಯಲ್ಲಿ ಹಾಕಿದರಾಯಿತು. ಅಲೆಯ ಒಂದು ಅರ್ಧಕ್ಕೆ ಒಂದು ದೀಪ, ಇನ್ನೊಂದು ಅರ್ಧಕ್ಕೆ ಇನ್ನೊಂದು. ಹೊತ್ತಿದ ದೀಪದ ಮೇಲೆ ಸುಮಾರು 3 ವೋಲ್ಟಿಗಿಂತ ಹೆಚ್ಚು ನಿಲ್ಲುವುದಿಲ್ಲವಾದ್ದರಿಂದ ಪಕ್ಕದ ದೀಪದ ಹಿಮ್ಮುಖ ವೋಲ್ಟೇಜೂ ಅಷ್ಟಕ್ಕೇ ನಿಲ್ಲುತ್ತದೆ. ಒಂದನ್ನೊಂದು ಕಾಯುತ್ತವೆ. 4 ಓಮಿನ ಸ್ಪೀಕರಿನ ಪಕ್ಕದಲ್ಲಿ 470 ಓಮ್ ಲೆಕ್ಕಕ್ಕೇ ಬಾರದ ಹೊರೆ, ಹಾಡಿನ ದನಿ ಕೆಡುತ್ತದೆಂಬ ಭಯ ಬೇಡ. ಡಿಕ್ಕಿಯಲ್ಲಿ ಬೇರೆ ಆಂಪ್ಲಿಫೈಯರ್ ಕೂರಿಸಿದವರು ಮಾತ್ರ ಎಚ್ಚರವಾಗಿರಬೇಕು. 4 ಓಮಿಗೆ 100 ವ್ಯಾಟ್ ಕೊಡುವಾಗ ತುದಿ 28 ವೋಲ್ಟ್ ಆಗುತ್ತದೆ, ಅಲ್ಲಿ 1.5 ಕಿಲೋ ಓಮ್ ಬೇಕು.

ಪಟ್ಟಿಯ ಸಮಸ್ಯೆ

12 ವೋಲ್ಟಿನ ಎಲ್‌ಇಡಿ ಪಟ್ಟಿಯಲ್ಲಿ ಮೂರು ಮೂರು ದೀಪಗಳು ಸಾಲಾಗಿ ಒಂದರ ಹಿಂದೊಂದು ಇರುತ್ತವೆ. ಮೂರು ಕೋಡಿಗಳೂ ಕೂಡುವುದರಿಂದ 8 ವೋಲ್ಟಿನ ಆಸುಪಾಸಿನ ತನಕ ಕತ್ತಲೆ. ಅಷ್ಟು ಎತ್ತರದ ಅಲೆ ಬೇಕಾದರೆ ಕಾರಿನ ಸಿಸ್ಟಮ್ಮಿನ ದನಿಯನ್ನು ಬಹಳ ಜೋರಾಗಿ ಏರಿಸಬೇಕು. ಹೀಗಾಗಿ ಪಟ್ಟಿಗೆ ವಿದ್ಯುತ್ತನ್ನು ಬ್ಯಾಟರಿಯಿಂದ ಕೊಟ್ಟು, ಸ್ಪೀಕರ್ ತಂತಿಯನ್ನು ಬರೀ ಸೂಚನೆಗೆ ಬಳಸಬೇಕು. ಈ ಕೆಲಸ ಮಾಡುವುದು ಟ್ರಾನ್ಸಿಸ್ಟರ್. ಟಿಐಪಿ31 ಎಂಬ ಮೂರು ಕಾಲಿನ ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ ಸಣ್ಣ ಕರೆಂಟು ಕೊಟ್ಟರೆ ಅದು ಪಟ್ಟಿಯ ದೊಡ್ಡ ಕರೆಂಟಿಗೆ ದಾರಿ ಬಿಡುತ್ತದೆ. ಬೇಸಿಗೂ ಒಂದು ಕೋಡಿ ಇದೆ, ಆದರೆ ಅದು 0.7 ವೋಲ್ಟ್ ಮಾತ್ರ. ಎಂಟರಿಂದ ಮುಕ್ಕಾಲಿಗೆ ಇಳಿಯಿತು.

ಮನೆಯಲ್ಲಿ ಮೊಬೈಲಿನ ಹೆಡ್‌ಫೋನ್ ತೂತಿಗೆ ಜೋಡಿಸಿ ನೋಡಿದರೆ ಈ ಸರಳ ಸರ್ಕ್ಯೂಟ್ ಸೊಗಸಾಗಿ ಕೆಲಸ ಮಾಡುತ್ತದೆ. ಅದನ್ನೇ ಕಾರಿನ ಸ್ಪೀಕರ್ ತಂತಿಗೆ ಹಚ್ಚಿದರೆ ಹಾಡು ನಿಲ್ಲಿಸಿದರೂ ಪಟ್ಟಿ ಉರಿಯುತ್ತಲೇ ಇರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಸ್ಟೀರಿಯೋ ಶಾಶ್ವತವಾಗಿ ಮೂಕವಾಗಲೂಬಹುದು.

ಮೈನಸ್ ಅಲ್ಲದ ಮೈನಸ್

ಕಾರಿನಲ್ಲಿ ಸಿಗುವುದು 12 ವೋಲ್ಟ್, ಎಂಜಿನ್ ಓಡುವಾಗ ಸುಮಾರು 14.4. ಒಂದೇ ಆಂಪ್ಲಿಫೈಯರ್ ಅಷ್ಟರೊಳಗೆ ಸ್ಪೀಕರಿನ ಒಂದು ತುದಿಯನ್ನು ಅಲುಗಾಡಿಸಿದರೆ 4 ಓಮಿಗೆ 6 ವ್ಯಾಟಿನಷ್ಟೇ ಸಿಗುತ್ತದೆ. ಅದಕ್ಕಾಗಿ ಇಂದಿನ ಕಾರ್ ಸ್ಟೀರಿಯೋಗಳೊಳಗೆ ಪ್ರತಿ ಸ್ಪೀಕರಿಗೆ ಎರಡು ಆಂಪ್ಲಿಫೈಯರ್‌ಗಳಿರುತ್ತವೆ. ಒಂದು ಪ್ಲಸ್ ತಂತಿಯನ್ನು ಮೇಲೆತ್ತುವಾಗ ಇನ್ನೊಂದು ಮೈನಸ್ ತಂತಿಯನ್ನು ಕೆಳಕ್ಕೆಳೆಯುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಪೆಟ್ಟಿಗೆಯ ಮೇಲೆ 50 ವ್ಯಾಟ್ ಎಂದು ಬರೆದಿದ್ದರೂ 14.4 ವೋಲ್ಟಿನಿಂದ ಶುದ್ಧವಾದ ದನಿಯಲ್ಲಿ ತೆಗೆಯಬಲ್ಲ ಗರಿಷ್ಠ ಸುಮಾರು 26 ವ್ಯಾಟ್, ಅದೂ ಕಾಗದದ ಮೇಲೆ.

ಇದರ ಪರಿಣಾಮ ಗಮನಿಸಿ. ಹಾಡು ಇಲ್ಲದಾಗಲೂ ಸ್ಪೀಕರಿನ ಎರಡೂ ತಂತಿಗಳು ಕಾರಿನ ಬಾಡಿಗಿಂತ 6-7 ವೋಲ್ಟ್ ಮೇಲೆಯೇ ನಿಂತಿರುತ್ತವೆ. ಎರಡೂ ಸಮವಾಗಿರುವುದರಿಂದ ಸ್ಪೀಕರಿಗೆ ಏನೂ ತಿಳಿಯುವುದಿಲ್ಲ. ಬಾಡಿಗೆ ಅರ್ತ್ ಮಾಡಿದ ಟ್ರಾನ್ಸಿಸ್ಟರಿಗೆ ಮಾತ್ರ ಆ 6 ವೋಲ್ಟ್ ಸದಾ ಕಾಣುತ್ತದೆ, ಅದರ 0.7ರ ಕೋಡಿ ಯಾವಾಗಲೂ ಬಿದ್ದೇ ಇರುತ್ತದೆ. ಕಪ್ಪು ತಂತಿ ತಾನೇ ಎಂದು ಸ್ಪೀಕರ್ ಮೈನಸ್ಸನ್ನು ಬಾಡಿಗೆ ಸೇರಿಸಿದರಂತೂ ಆ ಆಂಪ್ಲಿಫೈಯರ್ ನೇರವಾಗಿ ಶಾರ್ಟ್ ಆಗುತ್ತದೆ. ಒಳ್ಳೆಯ ಚಿಪ್ಪುಗಳಿಗೆ ರಕ್ಷಣೆ ಇರುತ್ತದೆ, ಎಲ್ಲವಕ್ಕೂ ಇರುವುದಿಲ್ಲ.

ಇದಕ್ಕೆ ನಾನು ಒಪ್ಪುವ ಉತ್ತರ ಪಿಸಿ817 ಎಂಬ ನಾಲ್ಕು ಕಾಲಿನ ಪುಟ್ಟ ಕಪ್ಪು ಚಿಪ್. ಅದರೊಳಗೆ ಒಂದು ಕಡೆ ಎಲ್‌ಇಡಿ, ಎದುರಿಗೆ ಬೆಳಕು ಕಂಡರೆ ದಾರಿ ಬಿಡುವ ಟ್ರಾನ್ಸಿಸ್ಟರ್. ನಡುವೆ ತಂತಿಯಿಲ್ಲ, ಬೆಳಕು ಮಾತ್ರ ದಾಟುತ್ತದೆ. ಸ್ಪೀಕರಿನ ಎರಡೂ ತಂತಿಗಳನ್ನು 470 ಓಮಿನ ಮೂಲಕ ಆ ಎಲ್‌ಇಡಿಗೆ ಕೊಡಿ, ಹಿಮ್ಮುಖ ವೋಲ್ಟೇಜಿನಿಂದ ಕಾಯಲು 1ಎನ್4148 ಡಯೋಡನ್ನು ತಲೆಕೆಳಗಾಗಿ ಪಕ್ಕದಲ್ಲಿ ಹಾಕಿ. ಆಚೆ ಕಡೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿಗೆ ಬ್ಯಾಟರಿಯ ಪ್ಲಸ್ಸನ್ನು 1 ಕಿಲೋ ಓಮಿನ ಮೂಲಕ ಕೊಟ್ಟು, ಎಮಿಟರ್ ಕಾಲನ್ನು ಟಿಐಪಿ122 ಟ್ರಾನ್ಸಿಸ್ಟರಿನ ಬೇಸಿಗೆ ಸೇರಿಸಿದರೆ ಪಟ್ಟಿ ಕುಣಿಯುತ್ತದೆ. ಒಳಗಿನ ಎಲ್‌ಇಡಿ ಅವಗೆಂಪು ಬಣ್ಣದ್ದು, ಕಣ್ಣಿಗೆ ಕಾಣದ್ದು. ಕೆಂಪಿಗಿಂತಲೂ ಕಡಿಮೆ ಶಕ್ತಿಯ ಬೆಳಕಾದ್ದರಿಂದ ಅದರ ಕೋಡಿ ಸುಮಾರು 1.2 ವೋಲ್ಟ್. ಹಾಗಾಗಿ ಅರ್ಧ ವ್ಯಾಟಿನ ಹಾಡಿಗೂ ದೀಪ ಏಳುತ್ತದೆ.

ಕೈ ಹಾಕುವ ಮುನ್ನ

ಬ್ಯಾಟರಿಯಿಂದ ಪಟ್ಟಿಗೆ ಬರುವ ತಂತಿಯಲ್ಲಿ, ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಇರಲೇಬೇಕು. ಮೀಟರಿಗೆ 60 ದೊಡ್ಡ ದೀಪಗಳಿರುವ 5050 ಪಟ್ಟಿ ಒಂದು ಮೀಟರಿಗೆ ಸುಮಾರು 1.2 ಆಂಪಿಯರ್ ಎಳೆಯುತ್ತದೆ, 2 ಆಂಪಿಯರ್ ಫ್ಯೂಸ್ ಅದಕ್ಕೆ ಸಾಕು. ದೀಪಗಳು ಚಾಲಕನ ಕಣ್ಣಿಗೆ, ಗಾಜಿನ ಪ್ರತಿಫಲನದಲ್ಲೂ, ಬೀಳದ ಜಾಗದಲ್ಲಿರಲಿ. ರಾತ್ರಿ ಹೆದ್ದಾರಿಯಲ್ಲಿ ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಒಳಗಿನ ಮಿನುಗು ನಿಜವಾದ ಅಪಾಯ.

ಮತ್ತು ಯಾವ ತಂತಿಯನ್ನು ಕತ್ತರಿಸುವ ಮೊದಲೂ ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಟ್ಟು, ಸ್ಟೀರಿಯೋ ಆನ್ ಮಾಡಿ ದನಿ ಪೂರ್ತಿ ತಗ್ಗಿಸಿ, ಕಪ್ಪು ಮೊನೆಯನ್ನು ಬಾಡಿಗೆ, ಕೆಂಪು ಮೊನೆಯನ್ನು ಸ್ಪೀಕರಿನ ಮೈನಸ್ ತಂತಿಗೆ ಹಿಡಿದು ನೋಡಿ. ಆರೇಳು ವೋಲ್ಟ್ ಕಂಡರೆ ಆ ತಂತಿಯನ್ನು ಬಾಡಿಗೆ ಎಂದೂ ತಾಗಿಸಬೇಡಿ.